ಔಡಲೆಣ್ಣೆಗೆ ಸೋತ ಮಷೀನು

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ಜನ ಮಾಲಿಶ್ ಮಾಡುವವರೆಂದೇ ತಿಳಿಯುತ್ತಾರೆ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನಾನು ಮೂವತ್ತಮೂರು ವರ್ಷ ಕೈಗಳಿಗೆ ಕೆಲಸ ಕಲಿಸಿದೆ. ಲಕ್ವ ಹೊಡೆದ ಕೈ, ಮಷೀನಿಗೆ ಸಿಕ್ಕ ಕೈ, ಬೆನ್ನುಹುರಿಗೆ ಪೆಟ್ಟಾಗಿ ಸುಮ್ಮನಾಗಿಬಿಟ್ಟ ಕೈ. ಗುಂಡಿ ಹಾಕುವುದು, ತಲೆ ಬಾಚುವುದು, ಲೋಟ ಎತ್ತುವುದು, ಇವೇ ನನ್ನ ಪಾಠಗಳು. ಇಷ್ಟೆಲ್ಲ ಮಾಡಿದರೂ ನಾರಾಯಣಗೂಡದ ನಮ್ಮ ಓಣಿಯಲ್ಲಿ ಇವತ್ತಿಗೂ ನಾನು ಮಾಲಿಶ್ ಮೇಡಂ. ನಿವೃತ್ತಿಯಾದ ಮರುದಿನವೇ ಪಕ್ಕದ ಮನೆಯಾಕೆ ಮೊಣಕಾಲು ಹಿಡಿದುಕೊಂಡು ಬಂದು, "ಇನ್ನ ಹೆಂಗೂ ಖಾಲಿ ಇರ್ತೀರಲ್ರಿ," ಎಂದು ಸೋಫಾದ ಮೇಲೆ ಕಾಲು ಚಾಚಿದರು.

ಬಡ್ತಿಗಳ ವಿಷಯ ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಮೊದಲು ಹಿಡಿಕೆ ಇಲ್ಲದ ಕುರ್ಚಿ ಇತ್ತು, ಆಮೇಲೆ ಹಿಡಿಕೆ ಇರುವ ಕುರ್ಚಿ ಬಂತು, ಕೊನೆಗೆ ತಿರುಗುವ ಕುರ್ಚಿ ಕೊಟ್ಟರು. ತಿರುಗುವ ಕುರ್ಚಿಯಲ್ಲಿ ಕೂತು ರೋಗಿಯ ಕೈ ಹಿಡಿಯಲು ಆಗುವುದಿಲ್ಲ, ಅದು ಹಿಂದಕ್ಕೆ ಜಾರುತ್ತದೆ. ಹಾಗಾಗಿ ಅದನ್ನು ನಮ್ಮ ಆಯಾ ಯಾದಮ್ಮನಿಗೆ ಬಿಟ್ಟುಕೊಟ್ಟು ನಾನು ಮತ್ತೆ ಸ್ಟೂಲಿಗೆ ಬಂದೆ. ಯಾದಮ್ಮ ನನಗಿಂತ ಚೆನ್ನಾಗಿ ಅದರಲ್ಲಿ ಕೂಡುತ್ತಿದ್ದಳು.

ನನ್ನ ತಪ್ಪುಗಳ ಪಟ್ಟಿ ಉದ್ದವಿದೆ. ಅದರಲ್ಲಿ ಮೊದಲನೆಯದನ್ನು ನೀವು ಎಂದೂ ಮಾಡಬಾರದು.

ಕೆಲಸಕ್ಕೆ ಸೇರಿದ ಹೊಸತು. ಮಲ್ಲೇಶ್ ಎಂಬ ಬಸ್ ಕಂಡಕ್ಟರು ಅಮೀರ್‌ಪೇಟೆಯಲ್ಲಿ ಬಸ್ಸಿನಿಂದ ಬಿದ್ದು, ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು ಬಂದಿದ್ದರು. ಬೆರಳುಗಳಿಗೆ ಜೀವವಿರಲಿಲ್ಲ, ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ನನಗೋ ಹೊಸ ಹುರುಪು. ದಿನಕ್ಕೆರಡು ಸಲ ಅವರ ಮಣಿಕಟ್ಟು ಎತ್ತಿ ಹಿಡಿದು ಒಂದೊಂದೇ ಬೆರಳನ್ನು ಎಳೆದು ನೆಟ್ಟಗೆ ಮಾಡಿದೆ. ಒಂದೂವರೆ ತಿಂಗಳಿಗೆ ಅವರ ಅಂಗೈ ಚಪಾತಿ ಮಣೆಯಂತೆ ಚಪ್ಪಟೆಯಾಯಿತು. ಹೆಮ್ಮೆಯಿಂದ ಕುಲಕರ್ಣಿ ಮೇಡಂ ಅವರನ್ನು ಕರೆದು ತೋರಿಸಿದೆ. ಅವರು ನನ್ನ ಮೇಲಧಿಕಾರಿ, ಬೀದರಿನ ಕಡೆಯವರು, ಹೊಗಳುವ ಅಭ್ಯಾಸ ಇಟ್ಟುಕೊಂಡವರಲ್ಲ.

ಅವರು ಮಲ್ಲೇಶರ ಮಣಿಕಟ್ಟನ್ನು ಹಿಂದಕ್ಕೆ ಎತ್ತಿದರು. ಬೆರಳುಗಳು ಸುಮ್ಮನೆ ಇದ್ದವು. ಮತ್ತೊಮ್ಮೆ ಎತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನ ಮಾಡೀ ನೀನು? ಮಣಿಕಟ್ಟು ಎತ್ತಿದ್ರ ಬೆರಳು ತಾವಾಗಿ ಮಡಚ್ತಾವ. ಬಿಗಿ ಇದ್ರ ಮಡಚ್ತಾವ. ದೇವರು ಎಲ್ಲಾ ಕಸ್ಕೊಂಡು ಅದೊಂದ ಹಿಡಿತ ಬಿಟ್ಟಿದ್ದ. ಅದನ್ನೂ ನೀ ಎಳದು ಸಡಲ ಮಾಡಿದಿ."

ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈ ಮುಂದೆ ಬಂದಾಗ ಮಾತ್ರ ಮರೆತಿದ್ದೆ. ಮಲ್ಲೇಶರ ಕೈ ಮುಂದೆ ಲೋಟ ಹಿಡಿಯಲೇ ಇಲ್ಲ. ನಾನು ಕ್ಷಮೆ ಕೇಳಿದಾಗ ಅವರು ನಕ್ಕು, ಟಿಕೆಟ್ ಹರಿಯುವ ಕೆಲಸ ಹೇಗೂ ಹೋಗಿದೆ, ಬಿಡಿ ಮೇಡಂ, ಅಂದರು. ಆ ನಗು ಮೂವತ್ತು ವರ್ಷ ನನ್ನ ನಿದ್ದೆ ಕೆಡಿಸಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಕಾಲದ ಸಾಮಾನು ಅಂದರೆ ರಬ್ಬರ್ ಚೆಂಡು, ಜೇಡಿಮಣ್ಣು, ರಂಧ್ರಗಳಿರುವ ಒಂದು ಮರದ ಹಲಗೆ, ಅದರಲ್ಲಿ ನೆಡುವ ಗೂಟಗಳು. ಒಂಬತ್ತು ಗೂಟಗಳಲ್ಲಿ ಎರಡನ್ನು ಇಲಿ ಒಯ್ದಿತ್ತು. ಏಳೇ ಗೂಟದಲ್ಲಿ ನಾವು ಎಷ್ಟೋ ಜನರಿಗೆ ಪರೀಕ್ಷೆ ಮಾಡಿ ಒಂಬತ್ತಕ್ಕೆ ಅಂಕ ಕೊಟ್ಟಿದ್ದೇವೆ.

ಇಂಥ ಜಾಗಕ್ಕೆ ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಮಷೀನು ಬಂತು. ಅದರ ಜೊತೆಗೆ ಡಾಕ್ಟರ್ ಮಾಧವಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಅಧಿಕಾರದಲ್ಲಿ ನನ್ನ ಅತ್ತೆಯಷ್ಟು. ಕನ್ನಡ ಬಾರದು, ನಮ್ಮ ಮಾತೆಲ್ಲ ತೆಲುಗು ಹಿಂದಿ ಕಲಸಿ ನಡೆಯುತ್ತಿತ್ತು. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಬೆನ್ನುಹುರಿ ಪೂರ್ತಿ ತುಂಡಾಗದಿದ್ದರೆ ಅದರಲ್ಲಿ ಕೆಲವು ನರ ಉಳಿದಿರುತ್ತವೆ," ಎಂದು ಅವರು ವಿವರಿಸಿದರು. "ಮಿದುಳು ಕೈಗೆ ಹುಕುಂ ಕಳಿಸುತ್ತದೆ, ಆದರೆ ಅದು ಕೈಗೆ ಮುಟ್ಟುವಷ್ಟು ಜೋರಾಗಿರುವುದಿಲ್ಲ. ಮಿದುಳಿನಲ್ಲಿ ಕೈಯನ್ನು ಆಳುವ ಜಾಗವನ್ನು ಹೊರಗಿನಿಂದ ಅಯಸ್ಕಾಂತದ ಬಲದಿಂದ ಬಡಿದು ಎಬ್ಬಿಸುತ್ತೇವೆ. ಅದು ಎಚ್ಚರವಿರುವಾಗಲೇ ನೀವು ಕೈಗೆ ಕಸರತ್ತು ಮಾಡಿಸಬೇಕು. ಉಳಿದ ನರಗಳು ಗಟ್ಟಿಯಾಗುತ್ತವೆಯೋ ನೋಡೋಣ."

"ಆಗದಿದ್ದರೆ?" ಎಂದೆ.

"ಆಗಲಿಲ್ಲ ಎಂದು ಬರೆಯುತ್ತೇವೆ."

ಆ ಮಾತಿಗೆ ಅವರ ಮೇಲೆ ನನಗೆ ಗೌರವ ಬಂತು. ಆಗಲಿಲ್ಲ ಎಂದು ಬರೆಯುವ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಷೀನು ಅಂದರೆ ಒಂದು ಪೆಟ್ಟಿಗೆ, ಅದರಿಂದ ಹೊರಟ ದಪ್ಪ ವೈರು, ವೈರಿನ ತುದಿಗೆ ಎರಡು ಬಳೆ ಜೋಡಿಸಿದಂತೆ ಎಂಟರ ಆಕಾರದ ಒಂದು ಹಿಡಿ. ಅದನ್ನು ತಲೆಗೆ ತಾಗಿಸಿ ಒತ್ತಿದರೆ ಟಕ್ ಎನ್ನುತ್ತದೆ. ಕರೆಂಟ್ ಶಾಕ್ ಕೊಡುತ್ತಾರೆಂದು ವಾರ್ಡಿನಲ್ಲೆಲ್ಲ ಸುದ್ದಿ ಹಬ್ಬಿ ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ನಾನೇ ತಲೆ ಕೊಟ್ಟೆ. ಕಿವಿಯೋಲೆ, ಪಿನ್ನು, ಬಳೆಗೆ ಸಿಕ್ಕಿಸಿಕೊಂಡಿದ್ದ ಆರು ಸೇಫ್ಟಿಪಿನ್ನು ಎಲ್ಲ ಬಿಚ್ಚಿಸಿದರು. ಹಿಡಿ ತಲೆಗೆ ತಾಗಿತು, ಟಕ್ ಎಂದಿತು, ತೊಡೆಯ ಮೇಲೆ ಸುಮ್ಮನೆ ಮಲಗಿದ್ದ ನನ್ನ ಹೆಬ್ಬೆರಳು ಜಿಗಿಯಿತು. ನೋವಿಲ್ಲ, ಏನಿಲ್ಲ. ನನ್ನನ್ನು ಕೇಳದೆ ನನ್ನ ಕೈಯಿಂದ ಕೆಲಸ ಮಾಡಿಸುವ ಶಕ್ತಿ ನನ್ನ ಗಂಡನಿಗೆ ಮಾತ್ರ ಇದೆ ಎಂದುಕೊಂಡಿದ್ದೆ.

ಒಂದು ತೊಡಕಿತ್ತು. ಹೆಬ್ಬೆರಳು ಜಿಗಿಯುವ ಜಾಗ ತಲೆಯಲ್ಲಿ ಒಂದು ಬೆರಳಗಲ. ಅತ್ತಿತ್ತ ಸರಿದರೆ ತೋಳೋ ಮುಖವೋ ಅಲುಗುತ್ತದೆ. ದಿನಾ ಅದೇ ಜಾಗ ಸಿಗಬೇಕೆಂದು ಪ್ರತಿಯೊಬ್ಬ ರೋಗಿಗೂ ಈಜುವವರು ಹಾಕುವಂಥ ಬಿಗಿ ಟೋಪಿ ಹಾಕಿ, ಅದರ ಮೇಲೆ ಪೆನ್ನಿನಿಂದ ಗುರುತು ಮಾಡುತ್ತಿದ್ದೆವು. ಟೋಪಿ ಹಾಕುವ ಕೆಲಸ ನನ್ನದು. ಮೂಗಿನ ಬುಡದಿಂದ ಅಳೆದು, ಕಿವಿಯಿಂದ ಅಳೆದು ಹಾಕಬೇಕು.

ಆ ಮಷೀನಿಗೆ ಬಂದವರಲ್ಲಿ ಒಬ್ಬ ಭೀಮಣ್ಣ. ಯಾದಗಿರಿ ಕಡೆಯವನು. ಉಪ್ಪಲ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು ಮೇಲಿನಿಂದ ಬಿದ್ದು ಒಂದು ವರ್ಷವಾಗಿತ್ತು. ತೋಳು ಎತ್ತುತ್ತಿದ್ದ, ಮೊಣಕೈ ಮಡಚುತ್ತಿದ್ದ, ಮಣಿಕಟ್ಟು ಸ್ವಲ್ಪವೇ ಏಳುತ್ತಿತ್ತು. ಬೆರಳು ಮಾತ್ರ ಅಲುಗುತ್ತಲೇ ಇರಲಿಲ್ಲ. ಅವನ ಹೆಂಡತಿ ಶರಣಮ್ಮ ಅದೇ ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದವಳು, ಈಗ ಕೆಲಸ ಬಿಟ್ಟು ಅವನಿಗೆ ಉಣ್ಣಿಸುತ್ತ ಕೂತಿದ್ದಳು. ಅವನು ಮಧ್ಯಾಹ್ನ ತಾನೇ ಉಂಡು ನೀರು ಕುಡಿಯುವಂತಾದರೆ ಅವಳು ಕೆಲಸಕ್ಕೆ ಹೋಗಬಹುದು. ಆಗದಿದ್ದರೆ ಊರಿಗೆ ಹೋಗುವುದೆಂದು ಅವಳ ಅಣ್ಣ ಬಂದು ಹೇಳಿ ಹೋಗಿದ್ದ. ಭೀಮಣ್ಣನಿಗೆ ಊರು ಬೇಡ. "ಅಲ್ಲಿ ಹೋದ್ರ ಕಟ್ಟಿ ಮ್ಯಾಲ ಮಲಗಿಸಿ ಇಡೀ ಊರಿಗೆ ತೋರಸ್ತಾರ್ರಿ," ಎನ್ನುತ್ತಿದ್ದ.

ಕೈ ಸರಿಯಾದರೆ ಏನು ಮಾಡಬೇಕೆಂದಿದ್ದೀಯ ಎಂದು ಮಾಧವಿ ನನ್ನಿಂದ ಕೇಳಿಸಿದರು. ಅವರ ಕಾಗದದಲ್ಲಿ ಅದಕ್ಕೊಂದು ಕಾಲಂ ಇತ್ತು. ಸಹಿ ಹಾಕಬೇಕು, ಫೋನ್ ಒತ್ತಬೇಕು, ಇಂಥವು ಬರುತ್ತವೆಂದು ನಾವು ಕಾದಿದ್ದೆವು.

ಭೀಮಣ್ಣ ಹೆಂಡತಿಯ ಕಡೆ ಕಣ್ಣು ಹೊರಳಿಸಿದ. "ಜಗಳ ಪೂರಾ ಮಾಡಬೇಕ್ರಿ ಮೇಡಂ."

"ಏನಂದಿ?"

"ನಾ ಒಂದ ಮಾತ ಸುರು ಮಾಡಿದ್ರ ಸಾಕ್ರಿ, ಈಕಿ ಬಾಯಾಗ ತುತ್ತು ತುರುಕತಾಳ. ಅಗಿದು ನುಂಗೂದ್ರಾಗ ಇನ್ನೊಂದು ತುತ್ತು. ಒಂದ ವರ್ಷಾತ್ರಿ, ಈಕೀ ಸಂಗಾಟ ಒಂದ ಜಗಳಾನೂ ಮುಗಿದಿಲ್ಲ. ಎಲ್ಲಾ ಅರ್ಧಕ್ಕ ನಿಂತಾವ."

"ಉಣ್ಣೂ ಹೊತ್ತಿಗೆ ಮಾತಾಡಬಾರ್ದು," ಎಂದಳು ಶರಣಮ್ಮ ಗೋಡೆ ನೋಡುತ್ತ.

ಮಾಧವಿಗೆ ನಾನು ಅನುವಾದ ಮಾಡಿ ಹೇಳಿದೆ. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, "ತಾನೇ ಊಟ ಮಾಡುವುದು," ಎಂದು ಬರೆದುಕೊಂಡರು.

ಮೊದಲ ವಾರ ಚೆನ್ನಾಗಿ ನಡೆಯಿತು. ಹೆಬ್ಬೆರಳ ಬುಡಕ್ಕೆ ಅಂಟಿಸಿದ ವೈರಿನಿಂದ ಪರದೆಯ ಮೇಲೆ ಸಣ್ಣ ಅಲೆ ಕಾಣಿಸುತ್ತಿತ್ತು, ಕೆಲವೊಮ್ಮೆ ಬೆರಳೇ ಅಲುಗುತ್ತಿತ್ತು. ಎರಡನೇ ವಾರ ಸೋಮವಾರ ಏನೂ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರ ಟಕ್ ಎಂದಾಗ ಹೆಬ್ಬೆರಳಿನ ಬದಲು ಭೀಮಣ್ಣನ ತುಟಿ ಅದುರಿತು.

"ಇದೂ ನನ್ನ ಬಾಯಿ ಮ್ಯಾಲೇ ಬಂತಲ್ರೀ," ಎಂದ ಅವನು.

ಮಾಧವಿ ನಗಲಿಲ್ಲ. ವೈರು ಬದಲಿಸಿದರು. ವೋಲ್ಟೇಜ್ ನೋಡಿಸಿದರು. ಕಂಪನಿಯ ಎಂಜಿನಿಯರು ಬಂದು ಮಷೀನಿನ ಬೆನ್ನು ಬಿಚ್ಚಿ, ಒಳಗೆ ಊದಿ, ಮುಚ್ಚಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಬಿರಿಯಾನಿ ತಿಂದು ಹೋದ. ನನ್ನ ತಲೆಗೆ ಹಿಡಿದು ನೋಡಿದರು, ನನ್ನ ಹೆಬ್ಬೆರಳು ಎಂದಿನಂತೆ ಜಿಗಿಯಿತು. ಉಳಿದ ರೋಗಿಗಳದೂ ಸರಿ ಇತ್ತು. ಅಂದಮೇಲೆ ತಪ್ಪು ಭೀಮಣ್ಣನ ನರಗಳದ್ದೇ ಎಂದಾಯಿತು.

"ಉಳಿದಿದ್ದ ನರವೂ ಕೈಬಿಟ್ಟಿರಬೇಕು. ನಾಳೆಯೂ ಹೀಗೇ ಆದರೆ ಇವನನ್ನು ಈ ಪ್ರಯೋಗದಿಂದ ಬಿಡಬೇಕಾಗುತ್ತದೆ," ಎಂದರು ಮಾಧವಿ. ಹೇಳುವಾಗ ಅವರ ಮುಖ ಬಾಡಿತ್ತು. ನಾನು ಶರಣಮ್ಮನಿಗೆ ಹೇಳಿದೆ. ಅವಳು ಗಂಡನ ಕಾಲ ಮೇಲಿದ್ದ ಶಾಲನ್ನು ಎಳೆದು ಸರಿಮಾಡಿದಳು, ಸರಿಯಾಗಿದ್ದುದನ್ನೇ ಮತ್ತೊಮ್ಮೆ ಸರಿಮಾಡಿದಳು.

ಮರುದಿನ ನಾನು ಟೋಪಿ ಹಾಕಲು ಹೊರಟಾಗ, ನೆಲ ಒರೆಸುತ್ತಿದ್ದ ಯಾದಮ್ಮ ಮೂಗು ಮುಚ್ಚಿಕೊಂಡಳು. "ಗಾ ಟೋಪೀಕಿ ಆಮುದಂ ವಾಸನ ವಸ್ತಾಂದಿ ಮೇಡಂ," ಎಂದಳು.

ಟೋಪಿಗೆ ಆಮುದಂ ವಾಸನೆಯಂತೆ; ಆಮುದಂ ಎಂದರೆ ನಮ್ಮ ಔಡಲೆಣ್ಣೆ. ಟೋಪಿ ಬದಿಗಿಟ್ಟು ಭೀಮಣ್ಣನ ತಲೆ ಮುಟ್ಟಿ ನೋಡಿದೆ. ಬೆರಳು ಕಿವಿಯವರೆಗೆ ಜಾರಿತು. ಮೂರು ದಿನದಿಂದ ನಾನೇ ಅಳೆದು ಅಳೆದು ಟೋಪಿ ಹಾಕಿದ್ದೇನೆ, ಹಾಕಿದ ಐದು ನಿಮಿಷಕ್ಕೆ ಅದು ಎಣ್ಣೆಯ ಮೇಲೆ ಮೆಲ್ಲಗೆ ಕಿವಿಯ ಕಡೆ ಇಳಿದಿದೆ. ಡಾಕ್ಟರು ಗುರುತು ನೋಡಿಯೇ ಹಿಡಿ ಇಟ್ಟಿದ್ದಾರೆ. ಗುರುತು ಮಾತ್ರ ಕೈಯ ಊರು ಬಿಟ್ಟು ಬಾಯಿಯ ಊರಿಗೆ ಬಂದು ಕೂತಿದೆ.

ನಿಮಗೆ ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಮಾಧವಿಯೂ ಅದನ್ನೇ ಕೇಳಿದರು. ಅವರಿಗೆ ನೆಗಡಿ ಇತ್ತು, ಅವರು ಪಾರಾದರು. ನನ್ನ ಮೂಗು ನೆಟ್ಟಗಿತ್ತು. ಆದರೆ ಹುಟ್ಟಿದಾಗಿನಿಂದ ನನ್ನ ನೆತ್ತಿಗೆ ಅದೇ ಎಣ್ಣೆ ತಟ್ಟಿದ್ದಾರೆ, ನನ್ನ ತಾಯಿಯ ದಿಂಬು, ನನ್ನ ಅಜ್ಜಿಯ ಸೆರಗು ಎಲ್ಲ ಅದೇ ವಾಸನೆ. ಆ ವಾಸನೆಯಲ್ಲೇ ಬೆಳೆದವಳಿಗೆ ಅದು ವಾಸನೆ ಎಂದೇ ಅನ್ನಿಸುವುದಿಲ್ಲ. ಕನ್ನಡದವಳು ಇದ್ದರೆ ಕನ್ನಡದ ರೋಗಿಗೆ ಅನುಕೂಲ ಎಂದು ನನ್ನನ್ನು ಅವನ ಜೊತೆ ಹಾಕಿದ್ದರು. ಬೇರೆ ಯಾರಾದರೂ ಟೋಪಿ ಹಾಕಿದ್ದರೆ ಮೊದಲ ದಿನವೇ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಶರಣಮ್ಮನನ್ನು ವರಾಂಡಕ್ಕೆ ಕರೆದೆ. "ಅವನ ತಲಿಗೆ ಎಣ್ಣಿ ಹಚ್ಚೀಯೇನವಾ?"

"ಹೂನ್ರಿ ಅಕ್ಕಾರ. ದಿನಾ ಮುಂಜಾನಿ ಹಚ್ತೀನಿ."

"ಯಾಕ?"

"ಆ ಮಷೀನಿನ ಹಿಡಿ ಮುಟ್ಟಿ ನೋಡ್ದೆರಿ, ಬಿಸಿ ಆಗಿತ್ತು. ತಲಿ ಉಷ್ಣ ಆಗ್ತೈತಿ, ಎಣ್ಣಿ ಬಡದ್ರ ತಂಪು ಅಂತ..."

ಅದು ನಿಜವೇ. ಹೆಚ್ಚು ಹೊತ್ತು ನಡೆದರೆ ಆ ಹಿಡಿ ಬೆಚ್ಚಗಾಗುತ್ತದೆ. ನನಗೆ ಸಿಟ್ಟು ಬಂದಿತ್ತು, ಅರ್ಧ ಅವಳ ಮೇಲೆ, ಅರ್ಧ ನನ್ನ ಮೂಗಿನ ಮೇಲೆ. "ಕೇಳಿ ಹಚ್ಚಬಾರದೇನವಾ? ನಿನ್ನ ಎಣ್ಣಿ ಸಲುವಾಗಿ ಇವತ್ತ ಅವನ್ನ ಮನಿಗೆ ಕಳಸೋರಿದ್ರು," ಎಂದು ಜೋರಾಗಿಯೇ ಅಂದುಬಿಟ್ಟೆ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ನಾ ಮುಟ್ಟಿದ್ದೆಲ್ಲಾ ಹಿಂಗ ಆಗ್ತೈತ್ರಿ ಅಕ್ಕಾರ. ಅವತ್ತ ಕೆಳಗಿಂದ ಕರದಾಕಿ ನಾನ. ಉಣ್ಣಾಕ ಬಾ ಅಂತ ಒದರಿದೆ. ತಿರುಗಿದ, ಬಿದ್ದ. ಅದನ್ನ ಅಂವ ಬಾಯಿ ಬಿಟ್ಟು ಅಂದಾನು ಅಂತ ನನಗ ಭಾಳ ಹೆದರಿಕಿ ಆಗ್ತೈತಿ. ಅವತ್ತಿನ ಮಾತು ತಗದ್ನೆಂದ್ರ ನನ್ನ ಕೈ ತಾನ ತುತ್ತು ಮಾಡ್ತೈತಿ."

ನನ್ನ ಸಿಟ್ಟು ಇಳಿದುಹೋಯಿತು. ಸೆರಗಿನಿಂದ ಅವಳ ಕಣ್ಣು ಒರೆಸಿ, ಯಾದಮ್ಮನಿಗೆ ಚಹಾ ತರಲು ಹೇಳಿದೆ.

ಆಮೇಲೆ ಯಾದಮ್ಮ ಸೀಗೆಪುಡಿ ಹಾಕಿ ಭೀಮಣ್ಣನ ತಲೆಯನ್ನು ಪಾತ್ರೆ ತಿಕ್ಕುವಂತೆ ತಿಕ್ಕಿದಳು. ಒಣಗಿಸಿ ಟೋಪಿ ಹಾಕಿದೆವು. ಟಕ್. ಹೆಬ್ಬೆರಳು ಅಲುಗಿತು. ಮಾಧವಿ ಅಷ್ಟು ದೊಡ್ಡ ಡಾಕ್ಟರು, ನನ್ನನ್ನು ತಬ್ಬಿಕೊಂಡುಬಿಟ್ಟರು. ಕೆಟ್ಟುಹೋದ ದಿನಗಳಿಗೆ ಕಾರಣ ಬರೆಯಲು ಅವರ ಕಾಗದದಲ್ಲಿ ಔಡಲೆಣ್ಣೆಗೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದರು, ಮೇಲಿನವರಿಗೆ ಪತ್ರ ಹಾಕಿ ಆ ದಿನಗಳನ್ನು ಮತ್ತೆ ಮಾಡಲು ಒಪ್ಪಿಗೆ ತಂದರು. ಬಾಗಿಲಿಗೆ ನಾಲ್ಕು ಭಾಷೆಯಲ್ಲಿ ನೋಟೀಸು ಅಂಟಿಸಿದೆವು: ತಲೆಗೆ ಎಣ್ಣೆ ಹಚ್ಚಿ ಬರಬಾರದು. ಅದನ್ನು ಓದಿದವರು ಒಳಗೆ ಹೇನು ನೋಡುತ್ತಾರೆಂದು ತಿಳಿದು ಮಕ್ಕಳನ್ನು ಕರೆತಂದರು.

ಕಸರತ್ತಿನ ಪಾಲು ನನ್ನದು. ಮಲ್ಲೇಶರನ್ನು ನೆನೆಸಿಕೊಂಡು ಭೀಮಣ್ಣನ ಬೆರಳುಗಳನ್ನು ನಾನು ಒಂದು ದಿನವೂ ಎಳೆದು ನೆಟ್ಟಗೆ ಮಾಡಲಿಲ್ಲ. ಮಡಚಿಕೊಂಡಿದ್ದವು, ಹಾಗೇ ಬಿಗಿಯಾಗಿರಲಿ ಎಂದು ಬಿಟ್ಟೆ. ಮಷೀನಿನ ಟಕ್ ಆದ ಮೇಲೆ ಮಣಿಕಟ್ಟು ಎತ್ತು, ಇಳಿಸು, ಎತ್ತು, ಇಳಿಸು. ಗೂಟ ಕೊಟ್ಟರೆ ಅವನಿಗೆ ಬೇಸರ. "ಇದನ್ನ ತಗೊಂಡು ನಾ ಏನ ಮಾಡ್ಲಿ, ದನ ಕಟ್ಲೇನ್ರಿ?" ಎನ್ನುತ್ತಿದ್ದ. ಹಾಗಾಗಿ ಮನೆಯಿಂದ ಖಡಕ್ ರೊಟ್ಟಿ ತರತೊಡಗಿದೆ. ಮೆತ್ತನೆಯ ರೊಟ್ಟಿ ಹರಿಯಲು ಬಲ ಬೇಕು, ಖಡಕ್ ರೊಟ್ಟಿ ಒತ್ತಿದರೆ ತಾನಾಗಿ ಮುರಿಯುತ್ತದೆ. ನಮ್ಮ ಕಡೆಯ ಹೆಂಗಸರು ಇದನ್ನು ಪ್ರವಾಸಕ್ಕೆಂದು ಕಂಡುಹಿಡಿದರೋ ಬಲವಿಲ್ಲದ ಕೈಗೆಂದು ಕಂಡುಹಿಡಿದರೋ ನನಗೆ ಅನುಮಾನ ಬಂದಿದೆ. ಮಾಧವಿ ಮೊದಲು ಮುಖ ಸಿಂಡರಿಸಿದರು, ಆಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ಅವರೂ ತಿಂದರು.

ಮಷೀನಿನಿಂದ ಎಲ್ಲರಿಗೂ ಗುಣವಾಯಿತೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಏನೂ ಆಗಲಿಲ್ಲ, ಮಾಧವಿ ಆಗಲಿಲ್ಲ ಎಂದೇ ಬರೆದರು. ಭೀಮಣ್ಣನ ವಿಷಯದಲ್ಲೂ ಎಷ್ಟು ಪಾಲು ಮಷೀನಿನದು, ಎಷ್ಟು ಕಸರತ್ತಿನದು, ಎಷ್ಟು ರೊಟ್ಟಿಯದು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಅವನ ಮಣಿಕಟ್ಟು ಮೊದಲಿಗಿಂತ ಎತ್ತರಕ್ಕೆ ಎದ್ದಿತು, ಬಹಳ ಹೊತ್ತು ನಿಂತಿತು, ಹೆಬ್ಬೆರಳು ತೋರುಬೆರಳಿಗೆ ಬಂದು ಒತ್ತತೊಡಗಿತು. ಕಾಗದದಲ್ಲಿ ಅದು ಸಣ್ಣ ಸಂಖ್ಯೆ. ಕಾಗದದಲ್ಲಿ ಬರೆಯದೇ ಇರುವುದನ್ನು ಬರೆದು ಮುಗಿಸುತ್ತೇನೆ.

ಕೊನೆಯ ದಿನ, ಮಧ್ಯಾಹ್ನ, ನಮ್ಮ ಕೋಣೆಯ ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ರೊಟ್ಟಿ, ಹಿಂಡಿ, ಮೊಸರು. ಪಕ್ಕದಲ್ಲಿ ಎರಡು ಕಿವಿಯ ಲೋಟ. ಭೀಮಣ್ಣ ರೊಟ್ಟಿಯ ಮೇಲೆ ಮುಷ್ಟಿ ಒತ್ತಿದ, ಮುರಿಯಿತು. ಕೈಯನ್ನು ಚೂರಿನ ಮೇಲೆ ಇಳಿಸಿ ಮಣಿಕಟ್ಟು ಎತ್ತಿದ, ಬೆರಳು ಮಡಚಿ ಚೂರನ್ನು ಹಿಡಿಯಿತು. ಹಿಂಡಿಗೆ ಅದ್ದಿದ, ಬಾಯಿಗೆ ಒಯ್ದ. ಅರ್ಧ ಗಡ್ಡಕ್ಕೆ ಹೋಯಿತು, ಅರ್ಧ ಬಾಯಿಗೆ ಹೋಯಿತು. ಮಾಧವಿ ಗಡಿಯಾರ ಹಿಡಿದು ನಿಂತಿದ್ದರು. ಒಂದು ರೊಟ್ಟಿಗೆ ಬಹಳ ಹೊತ್ತು ಹಿಡಿಯಿತು, ಯಾರಿಗೂ ಅವಸರ ಇರಲಿಲ್ಲ. ಎರಡು ಅಂಗೈ ನಡುವೆ ಲೋಟ ಎತ್ತಿ ನೀರನ್ನೂ ಕುಡಿದ.

"ಸೋಮವಾರದಿಂದ ಕೆಲಸಕ್ಕ ಹೋಗು ನೀ," ಎಂದ ಹೆಂಡತಿಗೆ.

"ಹೋಗೂದಿಲ್ಲ. ನಾ ಇಲ್ದಾಗ ಏನರ ಆದ್ರ?"

"ನಾ ಉಂಡಿದ್ದು ಕಾಣಲಿಲ್ಲೇನು? ಎದರುಗಡೇನ ಕುಂತೀಯಲ್ಲ."

"ಕುರ್ಚಿಯಿಂದ ಬಿದ್ರ?"

"ಬೀಳೂದು ಅಂದ್ಯಲ್ಲ, ಕೇಳಿಲ್ಲಿ. ಅವತ್ತ ನಾ ಬಿದ್ದಿದ್ದು..."

ಶರಣಮ್ಮನ ಕೈ ತಟ್ಟೆಗೆ ಹೋಯಿತು. ರೊಟ್ಟಿಯ ಚೂರು ಮೊಸರಿಗೆ ಬಿತ್ತು, ತುತ್ತಾಯಿತು, ಅವನ ಬಾಯಿಯ ಕಡೆ ಬಂತು. ತಾನು ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಭೀಮಣ್ಣ ಮಡಚಿದ ಕೈಯನ್ನು ಎತ್ತಿ ಅವಳ ಮಣಿಕಟ್ಟನ್ನು ಅಲ್ಲೇ ತಡೆದ.

"ತಡಿ. ನಂದಿನ್ನಾ ಮುಗಿದಿಲ್ಲ."

ಅವಳ ಕೈ ಗಾಳಿಯಲ್ಲೇ ನಿಂತಿತು.

"ನೀ ಕರದಿದ್ದಕ್ಕ ಬಿದ್ದಿಲ್ಲ ನಾ. ನೀ ಕರದಿದ್ದು ನನಗ ಕೇಳಿಸೇ ಇಲ್ಲ. ನಾ ನಿಂತ ಹಲಗಿ ಕಟ್ಟಿರಲಿಲ್ಲ. ಕಟ್ಟಬೇಕಾದಾಂವ ನಾನ. ಹೊಟ್ಟಿ ಹಸದಿತ್ತು, ಉಂಡು ಬಂದು ಕಟ್ಟಿದ್ರಾತು ಅಂತ ಬಿಟ್ಟು ಇಳ್ಯಾಕ ಹೊಂಟಿದ್ದೆ. ಒಂದ ವರ್ಷದಿಂದ ಹೇಳಾಕತ್ತೀನಿ, ನೀ ಹೇಳಾಕ ಬಿಟ್ಟಿಲ್ಲ."

ಮಾಧವಿ ನನ್ನ ಕಡೆ ನೋಡಿದರು. ಏನಂದ ಎಂದು ಕಣ್ಣಲ್ಲೇ ಕೇಳಿದರು. ಮೂವತ್ತಮೂರು ವರ್ಷದಲ್ಲಿ ಅನುವಾದ ಮಾಡಲು ಬಾಯಿ ಬಾರದೆ ನಿಂತದ್ದು ಅದೊಂದೇ ಸಲ. ಕಣ್ಣೆಲ್ಲ ನೀರು.

"ಈಗ ಮುಗೀತು," ಎಂದ ಭೀಮಣ್ಣ, ಕೈ ಇಳಿಸಿ.

ಶರಣಮ್ಮ ಅವನನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು.